ಬೂಟಿಗೊಂದು ಚೀಲ

ಉಗುಳಿದ ಮೇಲೂ ಅದು ಬಾಯಿ ಬಿಟ್ಟು ಹೋಗಲಿಲ್ಲ. ಸುಚಿತ್ರಾ ಬಿಸಿನೀರು ತೆಗೆದುಕೊಂಡು ಮುಕ್ಕಳಿಸಿದಳು, ಮೇಜಿನ ಪಕ್ಕದ ಎತ್ತರದ ಹಿತ್ತಾಳೆ ಪಾತ್ರೆಗೆ ಉಗುಳಿದಳು, ಮತ್ತೆ ಮುಕ್ಕಳಿಸಿದಳು. ಬಟ್ಟಲುಗಳಲ್ಲಿ ದೋಷವೇನೂ ಇರಲಿಲ್ಲ. ಹೆತ್ತೂರು ಕಡೆಯ ಅರೇಬಿಕಾ, ಹೊಸ ಬೆಳೆ. ಹುಳಿ ತೆಳ್ಳಗೆ ಬಂದು ನಾಲಿಗೆಯ ಅಂಚಿನಲ್ಲಿ ಕರಗಿಹೋಗುವಂಥದ್ದು. ಬಾಯಲ್ಲಿ ಉಳಿದದ್ದು ಕಾಫಿಯಲ್ಲ. ಸ್ವಲ್ಪ ಹೊತ್ತಿನ ಹಿಂದೆ ಸಾಹುಕಾರ ಸುರೇಂದ್ರ ಬೆಂಗಳೂರಿನ ಕಾಫಿ ಕಂಪನಿಯಿಂದ ಬಂದವನಿಗೆ ಅವಳನ್ನು ತೋರಿಸಿ ಆಡಿದ ಮಾತು, ಅದಕ್ಕೆ ಅವಳು ನಕ್ಕ ನಗು. "ನಮ್ ಸುಚಿತ್ರಾನ ನೋಡಿದ್ರೆ ಹಂಗೆ ಅಂತ ಅನ್ಸೋದೇ ಇಲ್ಲ ಕಣ್ರೀ. ಇಷ್ಟು ವರ್ಷದಲ್ಲಿ ಒಂದಿನ ಇದು ಬೇಕು, ಅದು ಆಗಲ್ಲ ಅಂದೋಳಲ್ಲ. ಎಲ್ಲಾರಂಗೇ ನಿಂತ್ಕೊಂಡೇ ಟೇಸ್ಟ್ ಮಾಡ್ತಾಳೆ." ಹಂಗೆ ಅಂದರೆ ಹೇಗೆ ಎಂದು ಬಂದವನು ಕೇಳಲಿಲ್ಲ. ಅವಳೂ ಕೇಳಲಿಲ್ಲ. ತಲೆ ತಗ್ಗಿಸಿ, ಎರಡೂ ಕೈ ಒಡ್ಡಿ ತೀರ್ಥ ತೆಗೆದುಕೊಳ್ಳುವವಳ ಹಾಗೆ ಆ ಮಾತನ್ನು ತೆಗೆದುಕೊಂಡು ನಕ್ಕಿದ್ದಳು. ಆ ನಗು ಈಗ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ನಾಲಿಗೆಗೆ ಸಿಗುತ್ತಿತ್ತು, ತೆಗೆಯಲು ಬರುತ್ತಿರಲಿಲ್ಲ.

ಸಕಲೇಶಪುರದ ಹೊರಗೆ, ಹೆದ್ದಾರಿಯ ಪಕ್ಕ ಇರುವ, ಕಾಫಿ ಬೀಜ ಸುಲಿದು ಹದಮಾಡುವ ಆ ಕ್ಯೂರಿಂಗ್ ವರ್ಕ್ಸಿನಲ್ಲಿ ಟೇಸ್ಟಿಂಗ್ ರೂಮೆಂದರೆ ದೇವರ ಮನೆ. ಸುರೇಂದ್ರರ ಅಪ್ಪ ಕಟ್ಟಿಸಿದ್ದು. ಕಾವಿ ನೆಲ, ಮೂಲೆಯಲ್ಲಿ ಲಕ್ಷ್ಮಿಯ ಪಟ, ಪಟದ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಆರದ ದೀಪ, ಅದರ ಪಕ್ಕದಲ್ಲೇ ಹಾರ ಹಾಕಿದ ದೊಡ್ಡ ಸಾಹುಕಾರರ ಫೋಟೊ. ಚಪ್ಪಲಿ ಹೊಸ್ತಿಲಾಚೆ. ಒಳಗೆ ಕುರ್ಚಿಯಿಲ್ಲ. ಕೂತು ಕುಡಿದರೆ ಅದು ಕಾಫಿ ಕುಡಿಯೋದು, ಟೇಸ್ಟಿಂಗ್ ಅಲ್ಲ ಅಂತ ದೊಡ್ಡವರು ಹೇಳುತ್ತಿದ್ದರಂತೆ. ಉದ್ದ ಮೇಜಿನ ಸುತ್ತ ಬರಿಗಾಲಲ್ಲಿ ನಡೆಯುತ್ತ, ಬಗ್ಗಿ, ಚಮಚದಿಂದ ಸುರ್ರೆಂದು ಹೀರಿ, ಉಗುಳಿ, ಮುಂದಿನ ಬಟ್ಟಲಿಗೆ ಹೋಗುವುದು. ಸುಚಿತ್ರಾಳ ಎಡಗಾಲಿಗೆ ತೊಡೆಯಿಂದ ಪಾದದವರೆಗೆ ಕಬ್ಬಿಣದ ಕ್ಯಾಲಿಪರ್. ಅದರ ಎರಡು ಸರಳುಗಳು ಬೂಟಿನ ಹಿಮ್ಮಡಿಗೆ ಸೇರಿಕೊಂಡಿದ್ದವು. ಬೂಟು ಕಳಚುವುದೆಂದರೆ ಕಾಲನ್ನೇ ಕಳಚಿದಂತೆ. ಕೆಲಸಕ್ಕೆ ಸೇರಿದ ದಿನ ಹೊಸ್ತಿಲಲ್ಲಿ ನಿಂತು ಅಳುವಷ್ಟಾಗಿದ್ದವಳನ್ನು ಕಂಡು ಹೆಡ್ ಟೇಸ್ಟರ್ ರಾಮಯ್ಯ ಮಾರನೆಯ ದಿನ ಮನೆಯಿಂದ ಒಂದು ಚೀಲ ಹೊಲಿಸಿಕೊಂಡು ಬಂದಿದ್ದರು. ಬಿಳಿ ಕೋರಾ ಬಟ್ಟೆ, ಬಾಯಿಗೆ ಲಾಡಿ. "ಇದ ಬೂಟಿಗೆ ಹಾಕ್ಕೊಂಡು ಕಟ್ಕೊಂಬುಡು ಮಗ. ಸಾವ್ಕಾರ್ರ ಹತ್ರ ಮಾತಾಡಿದೀನಿ." ಅಂದಿನಿಂದ ದಿನಾ ಬೆಳಿಗ್ಗೆ ಅವಳು ಮೆಟ್ಟಿಲ ಮೇಲೆ ಒಂದು ಕೈ ಗೋಡೆಗೆ ಕೊಟ್ಟು ಬಗ್ಗಿ ಆ ಚೀಲ ಕಟ್ಟಿಕೊಳ್ಳುತ್ತಿದ್ದಳು. ಎಲ್ಲರಿಗೂ ಅದು ಸಾಹುಕಾರರ ದೊಡ್ಡ ಮನಸ್ಸಿನ ಗುರುತಾಗಿತ್ತು. ಅವಳಿಗೂ ಬಹಳ ಕಾಲ ಹಾಗೇ ಅನ್ನಿಸಿತ್ತು.

ಹೊಸ್ತಿಲಾಚೆ ನಿಲ್ಲುವುದು ಅವಳಿಗೆ ಹೊಸದಾಗಿರಲಿಲ್ಲ. ಕುಂದೂರು ಪಕ್ಕದ ಊರಿನಲ್ಲಿ ಶ್ರಾವಣ ಬಂದರೆ ಅಪ್ಪ ಶಿವಯ್ಯ ಗುಡಿಯ ಅಂಕಣದಲ್ಲಿ ಪುರಾಣ ಓದುತ್ತಿದ್ದರು. ಕಲ್ಲುಕಂಬಗಳ ನಡುವೆ ಅವರ ದನಿ ಏರಿ ಇಳಿಯುವಾಗ ಊರೆಲ್ಲ ಒಳಗೆ, ಅವಳು ಬಾಗಿಲ ಹೊರಗಿನ ಕಟ್ಟೆಯ ಮೇಲೆ. ಬೂಟಿನವಳು. ಅಲ್ಲಿಂದಲೇ ಷಟ್ಪದಿಯ ಲಯ ಅವಳ ಉಸಿರಿಗೆ ಹತ್ತಿಕೊಂಡಿತ್ತು. ಎಲ್ಲಿ ಪದ ಕುಣಿಯುತ್ತದೆ, ಎಲ್ಲಿ ಪದ್ಯ ಮೈ ಮುರಿದು ಕೂರುತ್ತದೆ ಎಂದು ಅರ್ಥ ತಿಳಿಯುವ ಮೊದಲೇ ತಿಳಿಯುತ್ತಿತ್ತು. ಆ ಓದಿನಲ್ಲಿ ಕೇಡು ಬರುವಾಗ ಕುಂಟುತ್ತ ಬರುತ್ತಿತ್ತು. ಮೋಸಗಾರನಿಗೆ ಕಣ್ಣು ಸೊಟ್ಟ, ಚಾಡಿ ಹೇಳುವವಳಿಗೆ ಬೆನ್ನು ಗೂನು. ದೇವರು ಮೆಚ್ಚಿದರೆ ಮೊದಲು ಮೈ ನೆಟ್ಟಗಾಗುತ್ತಿತ್ತು. ಅಂಥ ಪದ್ಯ ಬಂದಾಗ ಒಳಗೆ ನಗು ಏಳುತ್ತಿತ್ತು. ಅಪ್ಪ ಒಂದು ಸಲ ಬಾಗಿಲ ಕಡೆ ನೋಡಿದ್ದರು. ಆಮೇಲಿನ ವರ್ಷದಿಂದ ಅಂಥ ಸಾಲು ಬಂದರೆ ಹಾರಿಸಿಬಿಡುತ್ತಿದ್ದರು. ಕೇಳುತ್ತ ಕೂತ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅವಳಿಗೆ ಗೊತ್ತಾಗುತ್ತಿತ್ತು. ಆರು ಸಾಲು ನಡೆಯಬೇಕಾದ ಪದ್ಯ ಐದಕ್ಕೇ ಮುಗ್ಗರಿಸಿ ಮುಂದಿನದನ್ನು ಹಿಡಿಯುತ್ತಿತ್ತು. ಆ ಹಾರಿಸಿದ ಜಾಗದಲ್ಲಿ ತಾನು ಇದ್ದೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ನಕ್ಕವರ ಮೇಲೆ ಬಾರದ ಸಿಟ್ಟು ಅಪ್ಪನ ಪ್ರೀತಿಯ ಮೇಲೆ ಬರುತ್ತಿತ್ತು. ಬಂದ ಸಿಟ್ಟಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಅಮ್ಮ ಕಮಲಮ್ಮ ವರ್ಷಕ್ಕೊಂದು ಬೆಳ್ಳಿ ತಗಡಿನ ಕಾಲು ತಂದು ಹರಕೆಯ ಹುಂಡಿಗೆ ಹಾಕುತ್ತಿದ್ದಳು. ಅಂಗಡಿಯಲ್ಲಿ ಸಿಗುವ ಆ ತಗಡು ನೆಟ್ಟಗಿನ, ಮೀನಖಂಡ ತುಂಬಿದ, ಯಾರದೋ ಚೆಂದದ ಕಾಲು. ಅದು ಯಾರ ಕಾಲೆಂದು ದೇವರಿಗಾದರೂ ಹೇಗೆ ತಿಳಿಯಬೇಕು?

"ಮೇಡಂ, ರೆಡೀನಾ?"

ಕಂಪನಿಯವನ ಹೆಸರು ಸುನಿಲ್‌ಕುಮಾರ್. ಹಿಂದೆ ಕ್ಯಾಮೆರಾ ಹಿಡಿದ ಇನ್ನೊಬ್ಬ. ಇವತ್ತು ಅಂಗವಿಕಲರ ದಿನವಂತೆ. ತಾವು ಕೊಳ್ಳುವ ಕಾಫಿಯ ಹಿಂದೆ ಎಂಥೆಂಥವರ ಶ್ರಮವಿದೆ ಎಂದು ಸಣ್ಣದೊಂದು ಫಿಲ್ಮ್ ಮಾಡಿ ಸಂಜೆಯೊಳಗೆ ಇಂಟರ್ನೆಟ್ಟಿಗೆ ಹಾಕಬೇಕಂತೆ. ಅವನೂ ಶೂ ಬಿಚ್ಚಿ ಬಂದಿದ್ದ, ಸಾಕ್ಸ್ ಹಾಗೇ ಇತ್ತು. ಬೆಂಗಳೂರಿನಿಂದ ಕಾರಿನಲ್ಲಿ ಬೆವರಿ ಬಂದ ಸಾಕ್ಸು. ದೀಪದೆಣ್ಣೆಯ ವಾಸನೆಯ ಒಳಗೆ ಅದರ ವಾಸನೆ ಬೇರೆಯಾಗಿ ಅವಳ ಮೂಗಿಗೆ ಹೊಡೆಯುತ್ತಿತ್ತು. ಸಾಕ್ಸಿಗೆ ಯಾರ ಅಡ್ಡಿಯೂ ಇರಲಿಲ್ಲ. ಅವನು ಕ್ಯಾಮೆರಾದೊಳಗೆ ಇಣುಕಿ, ಹಿಂದೆ ಸರಿದು, ತಲೆ ಕೆರೆದುಕೊಂಡ. "ಸರ್, ಕಾಲಿಗೆ ಆ ಚೀಲ ಒಂಥರಾ ಕಾಣ್ತಿದೆ. ತೆಗೆಸೋಕಾಗುತ್ತಾ?" ಸುರೇಂದ್ರ ಪಟದ ಕಡೆ ನೋಡಿದರು. "ಅದಾಗಲ್ಲ ಕಣ್ರೀ. ಬೂಟಲ್ಲಿ ಒಳಗೆ ಬಂದಂಗಾಗುತ್ತೆ. ನಮ್ಮಪ್ಪಾರ ಕಾಲದಿಂದ ನಡ್ಕೊಂಡು ಬಂದಿರೋದು." ಇಬ್ಬರೂ ಸೇರಿ ಅವಳ ಕಾಲನ್ನು ನೋಡಿದರು. ಸುಚಿತ್ರಾ ಕೂಡ ಬಗ್ಗಿ ನೋಡಿದಳು, ಅದು ಮೂವರೂ ಸೇರಿ ಎಲ್ಲಿಡಬೇಕೆಂದು ಯೋಚಿಸುತ್ತಿರುವ ಸಾಮಾನೆಂಬಂತೆ. ಕೊನೆಗೆ ಸುನಿಲ್‌ಕುಮಾರನಿಗೇ ದಾರಿ ಹೊಳೆಯಿತು. "ಹಾಗಾದ್ರೆ ಸೊಂಟದಿಂದ ಮೇಲೆ ತಗೊಳ್ಳೋಣ. ಕಾಲು ಹೊರಗಡೆ ತಗೊಂಡ್ರಾಯ್ತು, ಕಣದಲ್ಲಿ, ನಡೆಯೋವಾಗ." ರಾಮಯ್ಯ ನೀರಿನ ಕೆಟಲ್ ಹಿಡಿದು ನಿಂತಿದ್ದವರು ಅವಳನ್ನು ನೋಡಿ, ಒಂದಿನ ಸಹಿಸ್ಕೊ ಅನ್ನುವ ಹಾಗೆ ಕಣ್ಣು ಮಿಟುಕಿಸಿದರು.

ಸಹಿಸಿಕೊಳ್ಳುವುದಕ್ಕೆ ಕಾರಣವಿತ್ತು. ರಾಮಯ್ಯ ಈ ತಿಂಗಳು ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ಯಾರೆಂದು ಮಧ್ಯಾಹ್ನದ ಟೇಸ್ಟಿಂಗ್ ಆದ ಮೇಲೆ ಕಂಪನಿಯವರ ಮುಂದೆಯೇ ಹೇಳುತ್ತೇನೆ ಎಂದು ಸುರೇಂದ್ರ ನಿನ್ನೆ ಹೇಳಿದ್ದರು. ಹೇಳುವಾಗ ಅವಳ ಕಡೆ ನೋಡಿ ನಕ್ಕಿದ್ದರು. ಹೆಡ್ ಟೇಸ್ಟರ್. ಆ ಎರಡು ಪದ ಅವಳು ಯಾರ ಮುಂದೂ ಆಡಿದ್ದಿಲ್ಲ, ಅಮ್ಮನ ಮುಂದೆಯೂ. ಆಲೂರಿನಿಂದ ಬರುವ ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಮನಸ್ಸಿನೊಳಗೇ ಪದ್ಯದ ಹಾಗೆ ಉರು ಹೊಡೆದಿದ್ದಳು. ಇದಕ್ಕಾಗಿಯೇ ನಿಂತಿದ್ದಳು ಇಷ್ಟು ವರ್ಷ. ಕ್ಯಾಲಿಪರಿನ ತೊಡೆಯ ಪಟ್ಟಿ ಉಜ್ಜಿ ಉಜ್ಜಿ ಒಳಗೆ ಹುಣ್ಣಾಗಿ, ಮಾಗಿ, ಮತ್ತೆ ಹುಣ್ಣಾಗಿ, ಈ ಸಲದ ಚಳಿಗೆ ಮಾಗುವುದನ್ನೇ ಬಿಟ್ಟಿತ್ತು. ಬೆಳಿಗ್ಗೆ ಹತ್ತಿ ಇಟ್ಟು ಕಟ್ಟಿಕೊಂಡು ಬಂದದ್ದು ಈಗಾಗಲೇ ಒದ್ದೆಯಾಗಿತ್ತು. ಅದರ ವಾಸನೆ ಹೊರಗೆ ಬರುತ್ತದೆಯೋ ಎಂದು ಅವಳು ಮತ್ತೆ ಮತ್ತೆ ಮೂಗು ಅರಳಿಸಿ ನೋಡುತ್ತಿದ್ದಳು. ತನ್ನ ಮೂಗು ಬೇರೆಯವರ ಮೂಗಿಗಿಂತ ಚುರುಕು ಎನ್ನುವುದೊಂದೇ ಸಮಾಧಾನ. ಯಾವಾಗಲಾದರೂ ಕೂರಬೇಕಾದರೆ, ಮಂಡಿಯ ಹತ್ತಿರದ ಬಳೆಯಂಥ ಕೊಂಡಿಯನ್ನು ಮೇಲೆತ್ತಿ ಸರಳನ್ನು ಮಡಚಬೇಕು. ಆಗ ಟಕ್ ಎನ್ನುತ್ತದೆ. ಆ ಸದ್ದು ಯಾರಿಗೂ ಕೇಳದಿರಲೆಂದು ಅವಳು ಕೆಮ್ಮುತ್ತಾಳೆ. ಅವಳಿಗೆ ಅಸ್ತಮಾ ಇದೆಯೆಂದು ಆಫೀಸಿನಲ್ಲಿ ಅರ್ಧ ಜನ ನಂಬಿದ್ದಾರೆ, ಅವಳು ಅಲ್ಲವೆಂದಿಲ್ಲ.

ಕಣದಲ್ಲಿ ಬಿಸಿಲು. ಒಂದು ಬದಿಗೆ ಒಣಹಾಕಿದ ಅರೇಬಿಕಾ, ಇನ್ನೊಂದು ಬದಿಗೆ ಲಾರಿ. ಚೀಲ ಬಿಚ್ಚಿ ಬಂದ ಬೂಟನ್ನು ನೋಡಿ ಸುನಿಲ್‌ಕುಮಾರ್ ಖುಷಿಯಾದ. "ಗೋಡೌನಿಂದ ರೂಮಿನವರೆಗೆ ನಡ್ಕೊಂಡು ಬನ್ನಿ ಮೇಡಂ. ನ್ಯಾಚುರಲ್ ಆಗಿ." ಅವಳು ನಡೆದಳು. "ಇನ್ನೊಂದ್ಸಲ. ಸ್ವಲ್ಪ ನಿಧಾನ." ಅವಳು ನಿಧಾನವಾಗಿ ನಡೆದಳು. "ಇನ್ನೊಂದು ಚೂರು... ಹೆಂಗೆ ಹೇಳ್ಲಿ, ಕಷ್ಟ ಗೊತ್ತಾಗ್ಬೇಕು. ನಗ್ಬೇಡಿ ಮೇಡಂ." ತಾನು ನಗುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಮುಖಕ್ಕೆ ಅಂಟಿಕೊಂಡ ಅದನ್ನು ಕಿತ್ತು ಹಾಕಲು ತುಟಿ ಬಿಗಿದಳು. ಮತ್ತೆ ಗೋಡೌನಿನ ತನಕ ಹೋದಳು. ಕಾಲು ಬೀಸಿ ಇಡುವಾಗ ಸೊಂಟ ಎಡಕ್ಕೆ ಎದ್ದು ಬೀಳುತ್ತದೆ. ಬಾಲ್ಯದಲ್ಲಿ ಕನ್ನಡಿಯ ಮುಂದೆ ಅದನ್ನು ಕಡಿಮೆ ಮಾಡುವುದನ್ನು ಕಲಿತಿದ್ದಳು. ಈಗ ಅದನ್ನು ಹೆಚ್ಚು ಮಾಡಿ ತೋರಿಸಿದಳು. ಹೌದು, ಬೇಕೆಂದೇ ತೋರಿಸಿದಳು. ಒಂದು ಸಲ ನಡು ಬಾಗಿಸಿ, ಗೋಡೆ ಹಿಡಿಯುವ ಹಾಗೆ ಕೈ ಚಾಚಿ. "ಸೂಪರ್ ಮೇಡಂ!" ಎಂದು ಅವನು ಕೂಗಿದ.

"ಆ ಗೇಟಲ್ಲಿರೋರು ಫ್ರೇಮಲ್ಲಿ ಬರ್ತಿದಾರೆ ಸರ್," ಎಂದ ಕ್ಯಾಮೆರಾದವನು. ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತು ವಾಚ್‌ಮನ್ ಕೆಂಚಯ್ಯ ಇದನ್ನೆಲ್ಲ ನೋಡುತ್ತಿದ್ದ. ಬಲತೋಳು ಮೊಣಕೈಗಿಂತ ಮೇಲೇ ಮುಗಿದುಹೋದ ಮನುಷ್ಯ. ಅಂಗಿಯ ತೋಳಿನಿಂದ ಅದು ಆಚೆ ಇಣುಕುತ್ತಿತ್ತು, ಹೊಲಿದು ಬಾಯಿ ಕಟ್ಟಿದ ಕಾಫಿ ಮೂಟೆಯ ಮೂಲೆಯ ಹಾಗೆ. "ಅವರನ್ನೂ ತಗೋಬಹುದಾ? ಇವತ್ತಿನ ದಿನಕ್ಕೆ..." ಎಂದು ಸುನಿಲ್‌ಕುಮಾರ್ ಅನ್ನುವಷ್ಟರಲ್ಲಿ ಪಕ್ಕದಲ್ಲೇ ನಿಂತಿದ್ದ ಸುರೇಂದ್ರ ಕೈಯಾಡಿಸಿದರು. "ಬ್ಯಾಡ ಬ್ಯಾಡ. ನೋಡಕ್ಕೆ ಚೆನ್ನಾಗಿರಲ್ಲ. ಏಯ್ ಕೆಂಚ, ಇವ್ರು ಹೋಗೋಗಂಟ ಗೋಡೌನ್ ಹಿಂದ್ಗಡೆ ಇರು ಹೋಗೋ." ಕೆಂಚಯ್ಯ ಎದ್ದು ಬುತ್ತಿಯ ಡಬ್ಬಿ ಬಗಲಿಗೆ ಸಿಕ್ಕಿಸಿಕೊಂಡು ಹೋದ. ಅವನು ಕಣ್ಮರೆಯಾದಾಗ ಸುಚಿತ್ರಾಳಿಗೆ ಮೊದಲು ಆದದ್ದು ನೆಮ್ಮದಿ. ಅವನೂ ತಾನೂ ಒಂದೇ ಫಿಲ್ಮಿನಲ್ಲಿ ಬರುವುದಿಲ್ಲ ಎಂಬ ನೆಮ್ಮದಿ. ಗೇಟಿನಲ್ಲಿ ಎಲ್ಲರಿಗೂ ಬನ್ನಿ ಹೋಗಿ ಅನ್ನುವವನು ಅವಳೊಬ್ಬಳಿಗೆ ಮಾತ್ರ ಏಕವಚನ. "ಬಂದ್ಯೇನವ್ವ? ನಮ್ಮಂಥೋರು ಒಂಚೂರು ಬೇಗ ಹೊಲ್ಡಬೇಕು ಕಣವ್ವ ಮನೆಯಿಂದ." ನಮ್ಮಂಥೋರು. ಆ ಮಾತು ಕೇಳಿದ ದಿನ ಅವಳು ಮೈಗೆ ಏನೋ ತಾಕಿದವಳಂತೆ ಸೆರಗು ಎಳೆದುಕೊಂಡು ಹೋಗಿದ್ದಳು. ಆಮೇಲೆ ಅವನನ್ನು ಮಾತಾಡಿಸುವುದನ್ನೇ ಬಿಟ್ಟಿದ್ದಳು. ಯಾರಾದರೂ ಇಬ್ಬರನ್ನೂ ಒಟ್ಟಿಗೆ ನೋಡಿ ಜೋಡಿ ಚೆನ್ನಾಗೈತೆ ಅಂದುಬಿಟ್ಟಾರೆಂಬ ಭಯ, ಅನ್ನುವವರ ಮೇಲಲ್ಲ, ಅವನ ಮೇಲೇ ಅಸಹ್ಯವಾಗಿ ಕೂತಿತ್ತು.

ಊಟದ ಹೊತ್ತಿಗೆ ತೊಡೆಯ ಪಟ್ಟಿ ಸಡಿಲಿಸದೆ ಇನ್ನೊಂದು ಗಳಿಗೆ ನಿಲ್ಲಲಾರೆ ಅನ್ನಿಸಿತು. ಹೆಂಗಸರ ಕಕ್ಕಸಿಗೆ ಮೆಟ್ಟಿಲು. ಆಫೀಸಿನ ಪಕ್ಕದ ಕೋಣೆಯಲ್ಲಿ ಸುನಿಲ್‌ಕುಮಾರ್ ಊಟಕ್ಕೆ ಕೂತಿದ್ದ. ಉಳಿದ ಜಾಗ ಗೋಡೌನಿನ ಹಿಂದಿನ ಹೊಟ್ಟಿನ ಗುಡ್ಡೆ. ಅಲ್ಲಿ ಕೆಂಚಯ್ಯ ಇದ್ದಾನೆಂದು ಗೊತ್ತಿದ್ದೇ ಹೋದಳು; ಅವನು ಮನುಷ್ಯರ ಲೆಕ್ಕಕ್ಕೆ ಇಲ್ಲವೆನ್ನುವ ಹಾಗೆ ಹೋದಳು. ಹಾಗೆ ಹೋಗುತ್ತಿದ್ದೇನೆಂದು ಅರ್ಧದಾರಿಯಲ್ಲಿ ತಿಳಿದು ನಿಂತಳು. ಅಷ್ಟರಲ್ಲಿ ಅವನು ನೋಡಿಬಿಟ್ಟಿದ್ದ.

"ಬಾರವ್ವ ಬಾ. ನಿನ್ನೂ ಓಡಿಸ್ಬುಟ್ರಾ?"

"ಇಲ್ಲ. ಸುಮ್ನೆ ಬಂದೆ."

"ಸುಮ್ನೆ ಯಾರು ಬಂದಾರು ಹೊಟ್ಟಿನ ಗುಡ್ಡೆಗೆ. ಕೂತ್ಕೊ. ಪಟ್ಟಿ ಕುಯ್ತಾ ಐತಲ್ವಾ?"

ಅವನಿಗೆ ಗೊತ್ತಿರುವುದು ಅವಳಿಗೆ ಹಿಡಿಸಲಿಲ್ಲ. "ನಂಗೇನೂ ಇಲ್ಲ," ಎಂದಳು.

"ಹೂಂ. ನಂಗೂ ಏನೂ ಇಲ್ಲ. ಒಂದ್ ತೋಳಿಲ್ಲ, ಅಷ್ಟೇಯ." ಬಾಯಲ್ಲಿ ಮುದ್ದೆಯಿಟ್ಟುಕೊಂಡೇ ನಕ್ಕ. ಡಬ್ಬಿಯನ್ನು ಎರಡು ಮಂಡಿಗಳ ನಡುವೆ ಒತ್ತಿ ಹಿಡಿದು ಎಡಗೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುತ್ತಿದ್ದ. ಸಾರು ಗಲ್ಲದ ಮೇಲೆ ಇಳಿದರೆ ಬಲಗಡೆಯ ಮೋಟುತೋಳನ್ನೇ ಎತ್ತಿ ಒರೆಸಿಕೊಳ್ಳುತ್ತಿದ್ದ. ಸುಚಿತ್ರಾ ಗೋಡೆಗೆ ಬೆನ್ನು ಕೊಟ್ಟು, ಕೆಮ್ಮಿ, ಕೊಂಡಿ ಎತ್ತಿ, ಒಂದು ಮೂಟೆಯ ಮೇಲೆ ಕೂತು ಮುಖ ಆಚೆ ತಿರುಗಿಸಿದಳು.

"ಫಿಲ್ಮಲ್ಲಿ ನಿನ್ ಕಾಲು ತಕ್ಕಂಡ್ರಾ?"

"ಒಳಗೆ ಸೊಂಟದಿಂದ ಮೇಲೆ. ಹೊರಗೆ ಸೊಂಟದಿಂದ ಕೆಳಗೆ."

"ಹಂಗಾರೆ ಎಲ್ಡೂ ಸೇರ್ಸಿ ಹೊಲುದ್ರೆ ಒಂದಾಳಾಯ್ತು ಬುಡು."

ಅವಳಿಗೆ ನಗು ಬಂತು. ತಡೆಯುವ ಮೊದಲೇ ಮೂಗಿನಿಂದ ಹೊರಬಿತ್ತು. ಕೆಂಚಯ್ಯನಿಗೂ ಉಮೇದು ಬಂತು. "ನನ್ನ ತಕ್ಕಳಲ್ಲ ಕಣವ್ವ ಅವ್ರು. ನಿನ್ ಕಾಲು ದೇವ್ರು ಮಾಡಿದ್ದು. ನನ್ ಕೈ ತಿಂದಿದ್ದು ಇವ್ರ ಮಿಷನ್ನು. ತೋರ್ಸಕ್ಕಾಯ್ತದಾ?" ಡಬ್ಬಿಯ ತಳ ಬಳಿದು ಬೆರಳು ನೆಕ್ಕಿದ. ಅವಳು ಮತ್ತೆ ಮುಖ ತಿರುಗಿಸಿದಳು. "ನೋಡು, ಯಾವಾಗ್ಲೂ ನೀನು ಹಿಂಗೇಯ. ನಾನು ಉಣ್ಣೋದ ನೋಡಿದ್ರೆ ನಿಂಗೆ ಅಸಯ್ಯ ಆಯ್ತದಲ್ವಾ? ಹೇಳವ್ವ, ನಂಗೇನು ಬೇಜಾರಿಲ್ಲ."

ಇಲ್ಲ ಎನ್ನುವುದು ಸುಲಭವಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು, ಬೆಳಗಿನ ನಗುವಿನದೇ ರುಚಿಯಲ್ಲಿ. "ಆಗುತ್ತೆ," ಎಂದಳು.

"ಹಂಗೆ ಬಾ ದಾರಿಗೆ. ನಂಗೂ ಆಯ್ತದೆ ನಿನ್ನ ನೋಡಿದ್ರೆ."

ಅವಳು ತಿರುಗಿದಳು.

"ಕಾಲು ನೋಡಿದ್ರಲ್ಲ ಮಾರಾಯ್ತಿ. ಆ ಚೀಲ. ದಿನಾ ಬೆಳಗಾದ್ರೆ ಗೇಟಿಂದ ಕಾಣ್ತದೆ. ಮೆಟ್ಲ ಮ್ಯಾಲೆ ಬಗ್ಗಿ, ಹೆಣದ ಕಾಲಿಗೆ ಕಟ್ದಂಗೆ ಬಿಳೀ ಬಟ್ಟೆ ಕಟ್ಕತೀಯಲ್ಲ. ಕಟ್ಕಂಡು ಎದ್ದು ಸುತ್ತ ನೋಡ್ತೀಯ, ಯಾರಾರ ಬೈದಾರೇನೋ ಅಂತ. ಅದ ನೋಡಕ್ಕಾಗಲ್ಲ ನಂಗೆ. ಮಕ ತಿರುಗಿಸ್ಕತೀನಿ ನಾನೂವೆ, ನಿನ್ನಂಗೇಯ."

ಹೊಟ್ಟಿನ ಗುಡ್ಡೆಯಿಂದ ಒಣಗಿದ, ಸಿಹಿ ಹುಳಿತ ವಾಸನೆ ಬರುತ್ತಿತ್ತು. ಅದರೊಳಗೆ ತನ್ನ ತೊಡೆಯ ವಾಸನೆ, ಅವನ ಮುದ್ದೆಯ ವಾಸನೆ, ಎಣ್ಣೆ ಹಾಕಿದ ಚರ್ಮದ ಪಟ್ಟಿಯ ವಾಸನೆ, ಬೇರೆ ಬೇರೆ ಮಾಡಿ ಹೇಳಲು ಬರುವ ಮೂಗು ಅವಳದು. ಬೇರೆ ಮಾಡಲಿಲ್ಲ. ತನ್ನನ್ನು ನೋಡಿ ಮುಖ ತಿರುಗಿಸಿದವರನ್ನೆಲ್ಲ ಅವಳು ನೆನಪಿಟ್ಟುಕೊಂಡಿದ್ದಳು. ಬಸ್ಸಿನಲ್ಲಿ ಪಕ್ಕದ ಸೀಟು ಬಿಟ್ಟು ಎದ್ದವಳು, ಮದುವೆ ಮನೆಯಲ್ಲಿ ಆರತಿ ತಟ್ಟೆಯನ್ನು ಅವಳ ಕೈಯಿಂದ ನಯವಾಗಿ ತೆಗೆದುಕೊಂಡ ಚಿಕ್ಕಮ್ಮ. ಅವರೆಲ್ಲ ತಿರುಗಿದ್ದು ಕಾಲಿನಿಂದಾಚೆಗೆ. ಇವನೊಬ್ಬ ಕಾಲಿನ ಕಡೆ ನಿಂತು ಚೀಲದಿಂದ ಮುಖ ತಿರುಗಿಸಿದ್ದ. ಅವನು ಕಂಡದ್ದನ್ನು ಅವಳು ಈಗ ಕಂಡಳು: ಮೆಟ್ಟಿಲ ಮೇಲೆ ಬಗ್ಗಿದ ಒಬ್ಬ ಹೆಂಗಸು, ಲಾಡಿಯ ಗಂಟು, ಎದ್ದು ಸುತ್ತ ನೋಡುವ ಆ ಕಣ್ಣು. ಇಷ್ಟು ವರ್ಷ ಹೇಸಿಗೆ ಎಂದು ತಾನು ಬಚ್ಚಿಟ್ಟದ್ದು ಬೂಟನ್ನು. ಹೇಸಿಗೆಯಾಗಿದ್ದದ್ದು ಬಚ್ಚಿಡುವುದು. ಅಷ್ಟು ನೇರವಾಗಿ ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತೆಂದಲ್ಲ. ಉಗುಳಿದಳು, ಹೊಟ್ಟಿನ ಮೇಲೆ, ಕೆಂಚಯ್ಯನ ಎದುರಿಗೇ. "ಉಗುಳು ಉಗುಳು," ಎಂದು ಅವನು ಡಬ್ಬಿ ಮುಚ್ಚಿದ, "ನಿನ್ ಕೆಲಸವೇ ಅದಲ್ವಾ."

ಮಧ್ಯಾಹ್ನ ಮೇಜಿನ ಮೇಲೆ ಬಟ್ಟಲುಗಳು ಸಾಲಾಗಿ ಕೂತಿದ್ದವು. ರಾಮಯ್ಯ ಪುಡಿಯ ಮೇಲೆ ನೀರು ಹೊಯ್ದು ಮುಗಿಸಿದ್ದರು, ಪುಡಿ ಮೇಲೆದ್ದು ಕೆನೆಗಟ್ಟಿ ಹಬೆಯೇಳುತ್ತಿತ್ತು. ಸುರೇಂದ್ರ, ಸುನಿಲ್‌ಕುಮಾರ್, ಕ್ಯಾಮೆರಾದವನು ಒಳಗೆ. ಚೀಲ ಬಾಗಿಲ ಮೊಳೆಗೆ ತೂಗುತ್ತಿತ್ತು. ಸುಚಿತ್ರಾ ಅದನ್ನು ಮುಟ್ಟದೆ ಹೊಸ್ತಿಲು ದಾಟಿದಳು. ಬೂಟು ಕಾವಿ ನೆಲದ ಮೇಲೆ ಇಟ್ಟ ಸದ್ದು ಅಷ್ಟು ದೊಡ್ಡದಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕಣದ ಧೂಳು ನೆಲದ ಮೇಲೆ ಹಿಮ್ಮಡಿಯ ಆಕಾರದಲ್ಲಿ ಬಿತ್ತು. ಪಟದ ಕಡೆ ನೋಡಿದಳು. ಬೇಡಿಕೊಂಡಳೋ ಏನೋ. ದೀಪ ಉರಿಯುತ್ತಲೇ ಇತ್ತು.

"ಚೀಲ ಎಲ್ಲಮ್ಮಾ?" ಸುರೇಂದ್ರರ ದನಿ ಇನ್ನೂ ಮೆತ್ತಗಿತ್ತು.

"ಕಟ್ಟಲಿಲ್ಲ ಸರ್. ನಂಗೊಂದು ಕುರ್ಚಿ ಬೇಕು."

"ಈಗ್ಲಾ? ಟೇಸ್ಟಿಂಗ್ ಆಗ್ಲಿ, ಆಮೇಲೆ ಆಫೀಸಲ್ಲಿ ಕೂತ್ಕೊಳ್ವಂತೆ."

"ಇಲ್ಲೇ ಬೇಕು ಸರ್. ಕೂತು ಟೇಸ್ಟ್ ಮಾಡ್ತೀನಿ. ದಿನಾ."

ಸುರೇಂದ್ರ ಸುನಿಲ್‌ಕುಮಾರನ ಕಡೆ ನೋಡಿ ನಕ್ಕರು. "ತಮಾಷೆ ಮಾಡ್ತಾಳೆ. ಯಾವತ್ತೂ ಹಂಗಲ್ಲ ಇವ್ಳು."

"ಹಂಗೇ ಸರ್ ನಾನು. ಕುಂಟಿ ನಾನು."

ಕೋಣೆಯಲ್ಲಿ ಯಾರೋ ಬಟ್ಟೆ ಕಳಚಿದ ಹಾಗಾಯಿತು. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ಸುನಿಲ್‌ಕುಮಾರ್ ಮುಂದೆ ಬಂದು, ಜ್ವರ ಬಂದವರನ್ನು ಮಾತಾಡಿಸುವಂತೆ, "ಅಯ್ಯೋ, ಹಾಗನ್ಬಾರದು ಮೇಡಂ. ವಿಶೇಷ ಚೇತನರು ಅನ್ಬೇಕು," ಎಂದ.

"ವಿಶೇಷ ಏನಿಲ್ಲ ನನ್ನಲ್ಲಿ. ತೊಡೇಲಿ ಹುಣ್ಣಾಗಿದೆ. ನಿಂತು ನಿಂತು ಆಗಿದ್ದು. ಕೀವು ಬರ್ತಿದೆ."

ಆ ಕೋಣೆಯಲ್ಲಿ, ಹಾರ ಹಾಕಿದ ಫೋಟೊದ ಮುಂದೆ, ಬಟ್ಟಲುಗಳ ಹಬೆಯ ನಡುವೆ, ಕೀವು ಎಂಬ ಮಾತು ಬಿದ್ದು ಹಾಗೇ ಉಳಿಯಿತು. ಸುರೇಂದ್ರರ ಮುಖದಲ್ಲಿ ಅಷ್ಟು ವರ್ಷ ಇದ್ದ ದಯೆ ಸರಿದು ಅದರ ಹಿಂದಿನದು ಬಂತು: ಮೂಗಿನ ಬದಿಯಲ್ಲಿ ಒಂದು ಗೆರೆ, ಮೇಲ್ದುಟಿ ಅಷ್ಟೇ ಅಷ್ಟು ಎದ್ದದ್ದು. ಕೆಟ್ಟ ಬಟ್ಟಲು ಸಿಕ್ಕಾಗ ಟೇಸ್ಟರಿನ ಮುಖ ಹಾಗಾಗುತ್ತದೆ. ಅವಳು ಅದನ್ನು ಕಣ್ಣು ತೆಗೆಯದೆ ನೋಡಿದಳು. ಇದನ್ನು ಎದುರಿಗೆ ಕಂಡರೆ ಸತ್ತೇಹೋಗುತ್ತೇನೆಂದುಕೊಂಡಿದ್ದಳು. ಏನೂ ಆಗಲಿಲ್ಲ. ಅದು ಅವರ ಮುಖ, ಅವರ ಹೇಸಿಗೆ; ಇಷ್ಟು ವರ್ಷ ಅವರ ಪರವಾಗಿ ತಾನು ಹೊತ್ತುಕೊಂಡಿದ್ದಳು, ಅಷ್ಟೇ.

ಸುರೇಂದ್ರ ಮುಖವನ್ನು ಸರಿಮಾಡಿಕೊಂಡರು. "ಸರಿ ಕಣಮ್ಮ, ಮೈಗೆ ಹುಷಾರಿಲ್ಲ ಅಂದ್ರೆ ಮೊದ್ಲೇ ಹೇಳ್ಬಾರ್ದಾ. ರಾಮಯ್ಯೋರೇ, ನೀವು ಇನ್ನೊಂದು ವರ್ಷ ಮುಂದುವರೀರಿ. ಸುಚಿತ್ರಾಗೆ ರೆಸ್ಟ್ ಬೇಕಾಗೈತೆ. ಹೆಡ್ ಆದ್ರೆ ತೋಟ ತೋಟ ಸುತ್ತಬೇಕು, ಪಾಪ, ಅವ್ಳಿಗ್ಯಾಕೆ ಅದೆಲ್ಲ." ಹೇಳಿದ್ದು ಎಷ್ಟು ನಯವಾಗಿತ್ತೆಂದರೆ ಸುನಿಲ್‌ಕುಮಾರ್ ಒಪ್ಪಿಗೆಯಲ್ಲಿ ತಲೆಯಾಡಿಸಿದ. ಸುಚಿತ್ರಾ ರಾಮಯ್ಯನವರನ್ನು ನೋಡಿದಳು. ಅವರು ಕೆಟಲನ್ನು ಕೆಳಗಿಟ್ಟರು, ಮುಚ್ಚಳ ಸರಿ ಮಾಡಿದರು, ಬಾಯಿ ತೆರೆದರು, "ಆಗ್ಲಿ ಸಾವ್ಕಾರ್ರೇ," ಎಂದರು. ಅಷ್ಟೇ. ಬಂಗಲೆಯಲ್ಲಿ ಕೂತು ಒಂದೊಂದು ಕಪ್ ಕಾಫಿ ಕುಡಿಯೋಣ ಬನ್ನಿ ಎಂದು ಸುರೇಂದ್ರ ಬಂದವರನ್ನು ಕರೆದುಕೊಂಡು ಹೋದರು.

ಹೋಯಿತು. ಬಸ್ಸಿನ ಕಿಟಕಿಯಲ್ಲಿ ಉರು ಹೊಡೆದದ್ದು ಹೋಯಿತು. ಕಾಲಿನ ಕೆಳಗೆ ನೆಲ ಕುಸಿಯಬಹುದೆಂದು ಅವಳು ಸ್ವಲ್ಪ ಹೊತ್ತು ಕಾದಳು. ಬಟ್ಟಲುಗಳ ಮೇಲಿನ ಕೆನೆ ಯಾರೂ ಒಡೆಯದೆ ಹಾಗೇ ಕೂತಿತ್ತು. ಇನ್ನು ಸ್ವಲ್ಪ ಬಿಟ್ಟರೆ ಆರಿ ರುಚಿ ಕೆಟ್ಟು ಈ ಸಾಲೆಲ್ಲ ಚೆಲ್ಲಬೇಕು. ಅವಳು ಆಫೀಸಿಗೆ ಹೋಗಿ ಖಾಲಿಯಿದ್ದ ಕಬ್ಬಿಣದ ಕುರ್ಚಿಯೊಂದನ್ನು ಹಿಡಿದಳು. ಎತ್ತಲು ಆಗಲಿಲ್ಲ, ಎಳೆದಳು. ಹೊಸ್ತಿಲಿನಲ್ಲಿ ಅದು ಸಿಕ್ಕಿಕೊಂಡಿತು. ರಾಮಯ್ಯ ಕೈ ಚಾಚಿದರು.

"ಬೇಡ."

"ನಿಂಗೆ ನೋವಾಗ್ಲಿ ಅಂತ ಹೊಲಿಸಿದ್ನಾ ಮಗ ಅದನ್ನ? ನೀನು ಒಳಗೆ ಬರ್ಲಿ ಅಂತ ಅಲ್ವಾ?"

"ಗೊತ್ತು. ಗೊತ್ತಿದ್ದಕ್ಕೇ ಇಷ್ಟು ದಿನ ಕಟ್ಕೊಂಡೆ."

ಮುದುಕರ ಕಣ್ಣು ತುಂಬಿತು. ಪುರಾಣದ ಸಾಲು ಹಾರಿಸುವಾಗ ಅಪ್ಪನ ಕಣ್ಣೂ ಹೀಗೇ ಇರುತ್ತಿತ್ತು. ಹೋಗಿ ಅವರ ಕೈ ಹಿಡಿಯಬೇಕೆನ್ನಿಸಿತು. ಹಿಡಿದರೆ ಮತ್ತೆ ನಗು ಬಂದುಬಿಡುತ್ತದೆ, ಪರವಾಗಿಲ್ಲ ಬಿಡಿ ಅಂದುಬಿಡುತ್ತೇನೆ ಎಂದು ಹೆದರಿ ಕುರ್ಚಿಯನ್ನೇ ಹಿಡಿದುಕೊಂಡಳು. ಎಳೆದು ಮೇಜಿಗೆ ತಂದಳು. ಕೊಂಡಿ ಎತ್ತಿದಳು. ಟಕ್. ಕೆಮ್ಮಲಿಲ್ಲ. ಕೂತಾಗ ತೊಡೆಯ ಹುಣ್ಣು ಪಟ್ಟಿಯಿಂದ ಬಿಟ್ಟುಕೊಂಡು, ಉರಿ ಮೊದಲು ಹೆಚ್ಚಾಗಿ ಆಮೇಲೆ ಇಳಿಯಿತು. ಮೊದಲ ಬಟ್ಟಲಿನ ಕೆನೆಯನ್ನು ಚಮಚದಿಂದ ಒಡೆದಳು. ಮೇಜು ನಿಂತವರಿಗಾಗಿ ಮಾಡಿಸಿದ್ದು, ಕೂತರೆ ಎದೆಯ ಮಟ್ಟಕ್ಕೆ ಬರುತ್ತಿತ್ತು. ಮಕ್ಕಳು ದೊಡ್ಡವರ ಮೇಜಿನಲ್ಲಿ ಉಣ್ಣುವ ಹಾಗೆ ಕಾಣುತ್ತಿದ್ದಿರಬೇಕು. ಕಾಣಲಿ ಎಂದುಕೊಂಡಳು, ಹಾಗೆ ಅಂದುಕೊಳ್ಳಲು ಇನ್ನೂ ಕಷ್ಟವಾಗುತ್ತಿತ್ತು.

ಸುರೇಂದ್ರ ಒಬ್ಬರೇ ಹಿಂದಿರುಗಿ ಬಂದರು, ಕಿಟಕಿಯ ಮೇಲೆ ಕಾರಿನ ಕೀ ಮರೆತಿದ್ದರು. ಚಪ್ಪಲಿ ಬಿಟ್ಟು ಹೊಸ್ತಿಲಲ್ಲಿ ನಿಂತರು. ಕುರ್ಚಿ ಎಳೆದ ಗೆರೆ ಬಾಗಿಲಿನಿಂದ ಮೇಜಿನವರೆಗೆ ಕಾವಿಯ ಮೇಲೆ ಬೆಳ್ಳಗೆ ಬಿದ್ದಿತ್ತು. ಸಾಹುಕಾರರು ಬಂದರೆ ಏಳುವುದು ಅವಳ ಮೈಗೆ ಗೊತ್ತಿತ್ತು. ಕೈ ತಾನಾಗಿ ಮಂಡಿಯ ಕೊಂಡಿಗೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತಂದು ಚಮಚ ಹಿಡಿದಳು.

"ಏನಮ್ಮ ಇದು? ನೆಲ ನೋಡು. ನಮ್ಮಪ್ಪ ಹಾಕ್ಸಿದ್ದ ನೆಲ."

"ನೋಡಿದೆ ಸರ್."

"ಯಾರು ಹೇಳ್ಕೊಟ್ರು ನಿಂಗೆ ಇದನ್ನೆಲ್ಲ?"

ಅವಳು ಹೀರಿದಳು, ಪಾತ್ರೆ ದೂರವಿದ್ದುದರಿಂದ ಒಂದು ಖಾಲಿ ಬಟ್ಟಲಿಗೇ ಉಗುಳಿದಳು. "ಹೆಡ್ ಯಾರನ್ನಾದ್ರೂ ಮಾಡಿ ಸರ್. ಟೇಸ್ಟರ್ ಆಗಂತೂ ನಾನು ಇರ್ತೀನಿ. ನಾಳೆಯಿಂದ ಕುರ್ಚಿ ಇಲ್ಲೇ ಇರ್ಲಿ."

ಅವರು ಏನೋ ಹೇಳಲು ಹೊರಟರು. ಮುಂದಿನ ಬಟ್ಟಲಿಗೆ ಅವಳ ಕೈ ಎಟುಕಲಿಲ್ಲ. ಸುಚಿತ್ರಾ ಮೇಜಿನ ಅಂಚು ಹಿಡಿದು ಕುರ್ಚಿಯನ್ನು ಪಕ್ಕಕ್ಕೆ ಎಳೆದಳು. ಕಬ್ಬಿಣದ ಕಾಲು ನೆಲವನ್ನು ಕೆರೆದು ಕಿರುಗುಟ್ಟಿತು. ಸಾಹುಕಾರರು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡರು. ಇನ್ನೂ ಎಟುಕಲಿಲ್ಲ. ಅವಳು ಇನ್ನೊಮ್ಮೆ ಎಳೆದಳು.